ನರವರ್ಧಕವೂ ಅದರ ಗ್ರಾಹಕಗಳೂ

ಪುಣೆಯ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರವು ದೇಶದ ಪ್ರಯೋಗಶಾಲೆಗಳಿಗೆ ಒದಗಿಸುವ ಜೀವಕೋಶಗಳಲ್ಲಿ ‘ಪಿಸಿ-೧೨’ ಎಂಬುದೂ ಒಂದು. ಇಲಿಯ ಅಡ್ರಿನಲ್ ಗ್ರಂಥಿಯ ಗಡ್ಡೆಯೊಂದರಿಂದ ಗ್ರೀನ್ ಮತ್ತು ಟಿಶ್ಲರ್ ಎಂಬ ವಿಜ್ಞಾನಿಗಳು ೧೯೭೬ರಲ್ಲಿ ಇದನ್ನು ಬೆಳೆಸಿದರು. ದುಂಡಗಿದ್ದು ಎಡೆಬಿಡದೆ ಇಮ್ಮಡಿಸುವ ಈ ಕೋಶಗಳಿಗೆ ನರವರ್ಧಕವೆಂಬ ವಸ್ತುವನ್ನು ಉಣಿಸಿದರೆ, ಕೆಲವೇ ದಿನಗಳಲ್ಲಿ ಅವು ಇಮ್ಮಡಿಸುವುದನ್ನು ನಿಲ್ಲಿಸಿ ನರಕೋಶಗಳಂತೆ ನೀಳವಾದ ತಂತುಗಳನ್ನು ಚಾಚುತ್ತವೆ. ಹೊರಗಿನ ಒಂದು ವಸ್ತುವು ಕೋಶದ ಬಾಳಿನ ಗತಿಯನ್ನೇ ಮಾರ್ಪಡಿಸುವುದು ಹೇಗೆಂಬುದು ವಿಚಾರಣೀಯವಾದ ಪ್ರಶ್ನೆ.

ನರವರ್ಧಕವನ್ನು ೧೯೫೦ರ ದಶಕದಲ್ಲಿ ರೀಟಾ ಲೆವಿ-ಮೊಂಟಾಲ್ಚೀನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರು ಕಂಡುಹಿಡಿದರು. ಹಾವಿನ ವಿಷದಲ್ಲಿಯೂ ಚಿಕ್ಕ ಇಲಿಯ ಜೊಲ್ಲುಗ್ರಂಥಿಯಲ್ಲಿಯೂ ಅದು ಹೇರಳವಾಗಿರುವುದು ಅವರಿಗೆ ಕಂಡುಬಂದಿತು. ೧೯೮೬ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ತಲಾ ೧೧೮ ಅಮೈನೋ ಆಮ್ಲಗಳ ಎರಡು ಸಮಾನ ಸರಪಣಿಗಳು ಜೊತೆಗೂಡಿ ಆದ ಪ್ರೋಟೀನು ಇದು.

ಕೋಶದ ಹೊರಪೊರೆಯಲ್ಲಿ ಇದನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಎರಡು ಬಗೆಯವು. ಮೊದಲನೆಯದು ಟ್ರ್ಯಾಕ್-ಎ. ನೊಗವು ಎರಡು ಎತ್ತುಗಳನ್ನು ಕೂಡಿಸುವಂತೆ, ನರವರ್ಧಕವು ಎರಡು ಟ್ರ್ಯಾಕ್-ಎ ಗ್ರಾಹಕಗಳನ್ನು ಒಂದೆಡೆ ಹಿಡಿದು ನಿಲ್ಲಿಸುತ್ತದೆ. ಆಗ ಕೋಶದೊಳಗಿರುವ ಅವುಗಳ ತುದಿಗಳು ಒಂದಕ್ಕೊಂದು ಫಾಸ್ಫೇಟನ್ನು ಅಂಟಿಸಿ ಎಚ್ಚರಗೊಳ್ಳುತ್ತವೆ; ‘ಬಾಳು, ಬೆಳೆ’ ಎಂಬ ಸಂದೇಶವು ಒಳಗೆ ಹರಡುತ್ತದೆ. ಕಾಲ್ಬೆರಳ ಚರ್ಮವನ್ನು ಮುಟ್ಟಿದ ನರತಂತುವಿನ ಮೂಲಕೋಶವಾದರೋ ಬೆನ್ನುಹುರಿಯ ಬದಿಯಲ್ಲಿರುತ್ತದೆ. ತಂತುವಿನ ತುದಿಯಲ್ಲಿ ಕೂಡಿಕೊಂಡ ನರವರ್ಧಕವೂ ಗ್ರಾಹಕಗಳೂ ಪುಟ್ಟ ಚೀಲವೊಂದರಲ್ಲಿ ಅಲ್ಲಿಯವರೆಗೂ ಪಯಣಿಸುತ್ತವೆ. ಭ್ರೂಣಾವಸ್ಥೆಯಲ್ಲಿ ಇದನ್ನೇ ನಂಬಿರುವ ನರಕೋಶಗಳಿಗೆ ಸಂದೇಶ ತಲುಪದಿದ್ದರೆ ಅವು ಅಳಿಯುತ್ತವೆ.

ಎರಡನೆಯ ಗ್ರಾಹಕ ಪಿ-೭೫. ಇದು ಟ್ರ್ಯಾಕ್-ಎಯ ನೆರವಿಗೆ ನಿಂತಾಗ ನರವರ್ಧಕದ ಮೇಲಿನ ಹಿಡಿತವು ಬಿಗಿಯಾಗುತ್ತದೆ. ಆದರೆ ಇನ್ನೂ ಪಕ್ವವಾಗದ ನರವರ್ಧಕವನ್ನು ಸಾರ್ಟಿಲಿನ್ ಎಂಬ ಸಂಗಾತಿಯೊಡನೆ ಹಿಡಿದಾಗ, ಅದೇ ಪಿ-೭೫ ಕೋಶಕ್ಕೆ ಮರಣಾದೇಶವನ್ನು ಕೊಡಬಲ್ಲುದು. ಆದಕಾರಣ ಕೋಶದ ಅಳಿವು ಉಳಿವುಗಳನ್ನು ನಿರ್ಣಯಿಸಲು ನರವರ್ಧಕದ ಇರವೊಂದೇ ಸಾಲದು. ಯಾವ ರೂಪದಲ್ಲಿ, ಯಾವ ಗ್ರಾಹಕವು ಅದನ್ನು ಸ್ವೀಕರಿಸಿತೆಂಬುದು ಮುಖ್ಯ.

ಈ ಕೂಡಿಕೆ ತಪ್ಪಿದರೆ ಆಗುವ ಹಾನಿ ಅಲ್ಪವಲ್ಲ. ಟ್ರ್ಯಾಕ್-ಎಯ ವಂಶವಾಹಿಯಲ್ಲಿ ದೋಷವುಳ್ಳ ಮಕ್ಕಳು ನೋವನ್ನರಿಯರು, ಬೆವರರು ಎಂದು ಜಪಾನಿನ ಸಂಶೋಧಕರು ೧೯೯೬ರಲ್ಲಿ ತೋರಿಸಿದರು. ನಾಲಗೆಯನ್ನು ಕಚ್ಚಿಕೊಂಡರೂ ಮೂಳೆ ಮುರಿದರೂ ಅವರಿಗೆ ತಿಳಿಯದು. ವಯಸ್ಕರಲ್ಲಿ ನರವರ್ಧಕವು ನೋವನ್ನು ತೀವ್ರಗೊಳಿಸುವುದರಿಂದ, ಅದನ್ನು ತಡೆಯುವ ಟನೆಜುಮ್ಯಾಬ್ ಎಂಬ ಔಷಧವನ್ನು ಕೀಲುನೋವಿನವರಲ್ಲಿ ಪರೀಕ್ಷಿಸಲಾಯಿತು. ನೋವೇನೋ ತಗ್ಗಿತು, ಆದರೆ ಕೆಲವರ ಕೀಲುಗಳು ಬೇಗನೆ ಸವೆದವು. ೨೦೨೧ರಲ್ಲಿ ಅಮೆರಿಕದ ತಜ್ಞಸಮಿತಿಯು ಅದನ್ನು ಒಪ್ಪಲಿಲ್ಲ. ನೋವನ್ನು ತಗ್ಗಿಸಿಯೂ ದೇಹಕ್ಕೆ ನೋವು ನೀಡುವ ಕಾವಲನ್ನು ಉಳಿಸಿಕೊಳ್ಳುವುದು ಹೇಗೆಂಬುದು ಇನ್ನೂ ಬಗೆಹರಿಯದ ಸಮಸ್ಯೆ. ಎರಡೂ ಗ್ರಾಹಕಗಳನ್ನು ಹೊತ್ತಿರುವ ಪಿಸಿ-೧೨ ಕೋಶಗಳು ಅದರ ಅಧ್ಯಯನಕ್ಕೆ ಇಂದಿಗೂ ಉಪಯುಕ್ತವಾಗಿವೆ.