ಹಲ್ಲಿನ ಅಂದಕ್ಕೆ ಮಿತವ್ಯಯದ ಹಾದಿ

ಮುಂದಿನ ಹಲ್ಲು ಮುರಿದುದರಿಂದ ಸೆರಗಿನ ಮರೆಯಲ್ಲಿ ನಗುವ ಹೆಣ್ಣುಮಕ್ಕಳು ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಮ್ಮ ಮನೆಗಳಲ್ಲಿ ಇಲ್ಲದಿಲ್ಲ. ಖರ್ಚಿಗೆ ಅಂಜುವವರು ಶಿವಮೊಗ್ಗದ ಶರಾವತಿ ದಂತವೈದ್ಯ ಕಾಲೇಜಿನಲ್ಲೋ, 1979ರಲ್ಲಿ ಆರಂಭವಾದ ದಾವಣಗೆರೆಯ ಬಾಪೂಜಿ ದಂತವೈದ್ಯ ಕಾಲೇಜಿನಲ್ಲೋ ವಿಚಾರಿಸಬಹುದು. ಇಂತಹ ಕಡೆ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿನಲ್ಲಿ ಚಿಕಿತ್ಸೆ ಮಾಡುವುದರಿಂದ ಶುಲ್ಕ ಸಾಮಾನ್ಯವಾಗಿ ಕಡಿಮೆ. ಆದರೆ ಹಂತಹಂತಕ್ಕೂ ಗುರುಗಳು ಒಪ್ಪಬೇಕು. ಒಂದು ಕ್ಯಾಪ್ ಕೂರಿಸಲೂ ಹಲವು ಬಾರಿ ಹೋಗಬೇಕಾದೀತು. ಬಸ್ಸಿನ ಖರ್ಚನ್ನೂ ಲೆಕ್ಕ ಹಿಡಿಯಿರಿ. ಲಗ್ನದ ಹಿಂದಿನ ವಾರ ಧಾವಿಸಿದರೆ ಫಲವಿಲ್ಲ.

ಎಲೆಯಡಿಕೆಯ ಕಲೆಗೆ ಬಹುಮಟ್ಟಿಗೆ ಶುಚಿಗೊಳಿಸುವುದೇ ಸಾಕು. ಅದರಿಂದ ಹಲ್ಲು ಸಡಿಲವಾಗುವುದೆಂಬ ಭಯ ನಿರಾಧಾರ. ಅಡಿಕೆಯನ್ನೇ ನಂಬಿದ ಸೀಮೆಯಲ್ಲಿ ಹೇಳಲು ಕಷ್ಟವಾದರೂ ಹೇಳುತ್ತೇವೆ: 2004ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವರದಿಯು ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದಿದೆ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಮಚ್ಚೆ ಬಾಯಲ್ಲಿದ್ದರೆ ವೈದ್ಯರಿಗೆ ಮೊದಲು ಅದನ್ನೇ ತೋರಿಸಿರಿ.