ಇಪ್ಪತ್ತೂವರೆ ಗೇಜಿನ ತಂತಿ

ಫೆಬ್ರುವರಿ ಮುಗಿಯುವ ಹೊತ್ತಿಗೆ ಕೊಡಗಿನ ರೋಬಸ್ಟಾ ತೋಟಗಳಲ್ಲಿ ಮೊಗ್ಗು ನೀರಿಗಾಗಿ ಕಾದಿರುತ್ತದೆ. ಹೂಮಳೆ ಬಂದರೆ ಸರಿ. ಬಾರದಿದ್ದರೆ ಕೆರೆಯಿಂದಲೋ ಹೊಳೆಯಿಂದಲೋ ನೀರೆತ್ತಿ ಸ್ಪ್ರಿಂಕ್ಲರ್ ಹಾಯಿಸಬೇಕು. ನೀರು ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಎರಡು ಮೂರು ವಾರದಲ್ಲಿ ಇನ್ನೊಂದು ಸಲ ನೀರು ಕೊಟ್ಟರೆ ಕಾಯಿ ಕಚ್ಚಿ ನಿಲ್ಲುತ್ತದೆ. ಈ ನಡುವೆ ಮೋಟಾರ್ ಸುಟ್ಟರೆ ಇಡೀ ವರ್ಷದ ಫಸಲಿಗೆ ಪೆಟ್ಟು. ಆಗ ಬೆಳೆಗಾರರು ಮೋಟಾರನ್ನು ಜೀಪಿಗೆ ಹಾಕಿಕೊಂಡು ಓಡುವುದು ಕುಶಾಲನಗರ, ಸೋಮವಾರಪೇಟೆ, ಗೋಣಿಕೊಪ್ಪಲಿನಂಥ ಊರುಗಳಲ್ಲಿ ಸುಟ್ಟ ಸುರುಳಿ ತೆಗೆದು ಹೊಸ ತಂತಿ ಸುತ್ತಿಕೊಡುವ ರೀವೈಂಡಿಂಗ್ ಅಂಗಡಿಗಳಿಗೆ.

ಮುಚ್ಚಳ ಬಿಚ್ಚಿದ ಕೂಡಲೇ ನುರಿತವರಿಗೆ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ. ಎಲ್ಲ ಸುರುಳಿಗಳೂ ಒಂದೇ ಸಮ ಕಪ್ಪಾಗಿದ್ದರೆ ಹೊರೆ ಹೆಚ್ಚಾಗಿದೆ, ಇಲ್ಲವೇ ವೋಲ್ಟೇಜು ಇಳಿದಿದೆ. ಒಂದಷ್ಟು ಸುರುಳಿ ಸುಟ್ಟು, ನಡುನಡುವಿನವು ಹೊಸದರಂತೆಯೇ ಉಳಿದಿದ್ದರೆ ಮೂರು ಫೇಸುಗಳಲ್ಲಿ ಒಂದು ತಪ್ಪಿದೆ. ಮರದ ಕೊಂಬೆ ಬಿದ್ದು ಲೈನಿನ ಒಂದು ತಂತಿ ಕಡಿದರೆ ಸಾಕು, ಉಳಿದೆರಡು ಫೇಸುಗಳ ಮೇಲೆ ಓಡಲು ಹೆಣಗಿ ಮೋಟಾರ್ ಕಾದುಹೋಗುತ್ತದೆ. ಮರಗಳ ನಡುವೆಯೇ ಲೈನು ಹಾಯುವ ಕೊಡಗಿನಲ್ಲಿ ಈ ಅಪಾಯ ಸದಾ ಇದ್ದೇ ಇದೆ.

ಕಾರಣ ತಿಳಿದ ಮೇಲೆ ಲೆಕ್ಕ ಶುರು. ಪ್ರತಿ ಸುರುಳಿಗೆ ಎಷ್ಟು ಸುತ್ತು, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ, ಜೋಡಣೆ ಹೇಗೆ ಎಂಬುದನ್ನೆಲ್ಲ ಬರೆದಿಟ್ಟುಕೊಂಡೇ ಹಳೆಯ ತಂತಿ ಕತ್ತರಿಸುತ್ತಾರೆ. ತಂತಿಯ ಮೇಲಿನ ಎನಾಮಲ್ ಎಂಬ ಇನ್ಸುಲೇಷನ್ ಲೇಪ ಸುಟ್ಟು ಉಜ್ಜಿ ತೆಗೆದು, ಬರಿಯ ತಾಮ್ರವನ್ನು ಮೈಕ್ರೋಮೀಟರಿನಲ್ಲಿ ಹಿಡಿದು ಗೇಜು ನೋಡುತ್ತಾರೆ. ಮನೆಯ ವೈರಿಂಗಿಗೆ ಈಗ ಒಂದೂವರೆ, ಎರಡೂವರೆ, ನಾಲ್ಕು ಚದರ ಮಿಲಿಮೀಟರ್ ಎಂಬ ಅಳತೆ ಬಂದಿದ್ದರೂ ರೀವೈಂಡಿಂಗ್ ಅಂಗಡಿಯಲ್ಲಿ 18, 19, 20 ಎಂಬ ಹಳೆಯ ಗೇಜುಗಳೇ ನಡೆಯುತ್ತವೆ. ಬ್ರಿಟನ್ನಿನಲ್ಲಿ 1884ರಿಂದ ಕಾನೂನುಬದ್ಧವಾದ ಸ್ಟ್ಯಾಂಡರ್ಡ್ ವೈರ್ ಗೇಜ್ ಇದು. ಹಳೆಯ ಬಂಗಲೆಗಳ ಬ್ಯಾಟನ್ ವೈರಿಂಗಿನಲ್ಲಿ ಸಿಗುವ 3/20 ತಂತಿಯೂ ಇದೇ ಕುಲದ್ದು: 20 ಗೇಜಿನ ಮೂರು ಎಳೆ, ಒಟ್ಟು ಸುಮಾರು 2 ಚದರ ಮಿಲಿಮೀಟರ್. ಇಂದು ಅಂಗಡಿಯಲ್ಲಿ ಸಿಗುವ ಅಳತೆಗಳ ಸಾಲಿನಲ್ಲಿ ಅದಕ್ಕೆ ಸರಿಜೋಡಿ ಇಲ್ಲ.

ಗೇಜಿನ ಅಂಕಿ ಏರಿದಂತೆ ತಂತಿ ಸಣ್ಣದಾಗುತ್ತದೆ. ಇದಕ್ಕೆ ಕಾರಣ ತಂತಿ ತಯಾರಾಗುವ ಬಗೆಯಲ್ಲಿದೆ. ಅಕ್ಕಸಾಲಿಗರು ಚಿನ್ನದ ಎಳೆಯನ್ನು ಉಕ್ಕಿನ ಪಟ್ಟಿಯ ದೊಡ್ಡ ತೂತಿನಿಂದ ಸಣ್ಣ ತೂತಿಗೆ ದಾಟಿಸುತ್ತ ಸಪೂರ ಮಾಡುತ್ತಾರಲ್ಲ, ತಾಮ್ರದ ತಂತಿಯ ಕೆಲಸವೂ ಅದೇ. ಹೆಚ್ಚು ಸಲ ಎಳೆದಷ್ಟೂ ತಂತಿ ಸಣ್ಣ, ಅಂಕಿ ದೊಡ್ಡದು.

ಕಾರ್ಖಾನೆಯಲ್ಲಿ ಶುದ್ಧ ತಾಮ್ರವನ್ನು ಕರಗಿಸಿ, ಸಾಮಾನ್ಯವಾಗಿ 8 ಮಿಲಿಮೀಟರ್ ದಪ್ಪದ ಉದ್ದ ಸರಳಾಗಿ ಎರಕ ಹೊಯ್ಯುತ್ತಾರೆ. ಅದು ಟಂಗ್‌ಸ್ಟನ್ ಕಾರ್ಬೈಡ್ ಅಥವಾ ವಜ್ರದ ಡೈಗಳ ಸಾಲಿನೊಳಗೆ ನುಗ್ಗುತ್ತದೆ. ಬಿಸಿ ಮತ್ತು ಉಜ್ಜಾಟ ತಗ್ಗಿಸಲು ಎಣ್ಣೆ ಬೆರೆಸಿದ ನೀರು ಎಡೆಬಿಡದೆ ಹರಿಯುತ್ತಿರುತ್ತದೆ. ತಾಮ್ರ ಎಲ್ಲೂ ನಷ್ಟವಾಗುವುದಿಲ್ಲ, ಸಣ್ಣದಾದಷ್ಟೂ ಉದ್ದವಾಗುತ್ತದೆ. ಒಂದು ಮೀಟರ್ ಸರಳಿನಿಂದ 18 ಗೇಜಿನ ತಂತಿ 43 ಮೀಟರ್ ಬರುತ್ತದೆ. ಮನೆ ವೈರಿನೊಳಗಿನ 0.3 ಮಿಲಿಮೀಟರ್ ಎಳೆಯಾದರೆ 711 ಮೀಟರ್! ಎಳೆದೆಳೆದು ಗಡುಸಾದ ತಾಮ್ರವನ್ನು ಕಾಯಿಸಿ ಮೆದು ಮಾಡುತ್ತಾರೆ. ಆಮೇಲೆ ಎನಾಮಲ್ ಹಚ್ಚುವುದು, ಒಲೆಯಲ್ಲಿ ಹಾಯಿಸಿ ಗಟ್ಟಿ ಮಾಡುವುದು, ಮತ್ತೆ ಹಚ್ಚುವುದು. ಹೀಗೆ ಪದರದ ಮೇಲೆ ಪದರ ಕೂರುತ್ತದೆ.

ಇನ್ನು ತಲೆಬರಹದಲ್ಲಿರುವ ಅರ್ಧ ಗೇಜಿನ ಲೆಕ್ಕ. 18 ಗೇಜಿನ ತಂತಿಯ ಅಡ್ಡಳತೆ 1.219 ಮಿಲಿಮೀಟರ್. ಅಷ್ಟು ದಪ್ಪದ್ದನ್ನು ಇಕ್ಕಟ್ಟಾದ ಸ್ಲಾಟಿಗೆ ಬಗ್ಗಿಸಿ ಕೂರಿಸುವುದು ಕಷ್ಟವಾದಾಗ ಎರಡು ಸಣ್ಣ ಎಳೆಗಳನ್ನು ಜೋಡಿಸಿ ಸುತ್ತುತ್ತಾರೆ. ಎರಡೂ ಸೇರಿ ಅಷ್ಟೇ ತಾಮ್ರವಾಗಬೇಕಾದರೆ ಒಂದೊಂದು ಎಳೆ 0.862 ಮಿಲಿಮೀಟರ್ ಇರಬೇಕು. 20 ಗೇಜು 0.914, 21 ಗೇಜು 0.813. ಬೇಕಾದದ್ದು ಹೆಚ್ಚುಕಡಿಮೆ ನಟ್ಟನಡುವೆ ಬರುತ್ತದೆ, ಅದೇ ಇಪ್ಪತ್ತೂವರೆ. ಪಟ್ಟಿಯಲ್ಲಿಲ್ಲದ ಈ ಅಳತೆಯನ್ನು ಹುಟ್ಟುಹಾಕಿದ್ದು ಕಸುಬಿನ ಅಗತ್ಯ.

ಇಷ್ಟು ಸೂಕ್ಷ್ಮವೇಕೆ? 18ರ ಜಾಗದಲ್ಲಿ, ಸುತ್ತಿನ ಸಂಖ್ಯೆ ಬದಲಿಸದೆ, 19 ಗೇಜಿನ ತಂತಿ ಸುತ್ತಿದರೆ ತಾಮ್ರ ಶೇ 30ರಷ್ಟು ಕಡಿಮೆಯಾಗುತ್ತದೆ. ಅದೇ ಕರೆಂಟಿಗೆ ಸುರುಳಿಯಲ್ಲಿ ಹುಟ್ಟುವ ಶಾಖ ಶೇ 44ರಷ್ಟು ಏರುತ್ತದೆ. ವೋಲ್ಟೇಜು ಇಳಿದು ಮೋಟಾರ್ ಹೆಚ್ಚು ಕರೆಂಟು ಎಳೆದರಂತೂ ಕಷ್ಟ ಇಮ್ಮಡಿ: ಕರೆಂಟು ಶೇ 20 ಹೆಚ್ಚಿದರೆ ಶಾಖವೂ ಶೇ 44 ಹೆಚ್ಚುತ್ತದೆ. ತಾಪಮಾನ ಹತ್ತು ಡಿಗ್ರಿ ಏರಿದರೆ ಇನ್ಸುಲೇಷನ್ನಿನ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಅಗ್ಗವಾಯಿತೆಂದು ಸಣ್ಣ ತಂತಿ ಸುತ್ತಿಸಿದ ಮೋಟಾರ್ ಮುಂದಿನ ಹೂವಿನ ಕಾಲಕ್ಕೆ ಮತ್ತೆ ಜೀಪು ಹತ್ತುವುದು ಹೀಗೆ.

ಸುತ್ತಿದ ಮೇಲೂ ಕೆಲಸ ಮುಗಿಯುವುದಿಲ್ಲ. ನೂಲಿನಿಂದ ಬಿಗಿದು ಕಟ್ಟಬೇಕು, ವಾರ್ನಿಷ್ ಕುಡಿಸಬೇಕು, ಬಿಸಿಯಲ್ಲಿ ಒಣಗಿಸಬೇಕು, ಮೆಗ್ಗರಿನಲ್ಲಿ ಇನ್ಸುಲೇಷನ್ ಪರೀಕ್ಷಿಸಬೇಕು. ತಿಂಗಳುಗಟ್ಟಲೆ ತೇವದಲ್ಲಿರುವ ಕೊಡಗಿನ ಪಂಪ್‌ಹೌಸುಗಳಲ್ಲಿ ಅರೆಬರೆ ಒಣಗಿದ ವಾರ್ನಿಷ್ ಮೋಟಾರನ್ನು ಕಾಯಲಾರದು. ಬೇಗ ಕೊಡಿ ಎಂದು ಅವಸರಿಸುವ ನಾವು, ಆ ಒಣಗುವ ಹೊತ್ತನ್ನು ಅಂಗಡಿಯವರಿಗೆ ಬಿಟ್ಟುಕೊಡಲೇಬೇಕು.

ಐಟಿಐ ಎಲೆಕ್ಟ್ರಿಷಿಯನ್ ಪಠ್ಯದಲ್ಲಿ ವೈಂಡಿಂಗ್ ಇದೆ. ಆದರೆ ಕೈ ಪಳಗುವುದು ಅಂಗಡಿಯಲ್ಲೇ. ತೋಟದ ನೀರು ಹರಿಯುವುದು ಈ ಕೈಗಳ ಲೆಕ್ಕದ ಮೇಲೆ ಎಂಬುದನ್ನು ಬೆಳೆಗಾರರು ಮರೆಯಬಾರದು. ಮುಂದಿನ ಸಲ ಮೋಟಾರ್ ಬಿಡಿಸಿಕೊಳ್ಳುವಾಗ ಗೇಜು, ಎಳೆ, ಸುತ್ತಿನ ಸಂಖ್ಯೆಗಳನ್ನು ಕೇಳಿ ಬರೆಸಿಕೊಳ್ಳಿ. ಆ ಚೀಟಿಯನ್ನು ಸ್ಟಾರ್ಟರ್ ಪೆಟ್ಟಿಗೆಯೊಳಗೆ ಅಂಟಿಸಿ. ಜೊತೆಗೆ, ಒಂದು ಫೇಸು ತಪ್ಪಿದ ಕೂಡಲೇ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಿ. ಒಳ್ಳೆಯ ಕೆಲಸಗಾರರಿಗೆ ಇಂಥ ಪ್ರಶ್ನೆ ಕೇಳುವ ಗಿರಾಕಿಯೆಂದರೆ ಗೌರವ. ಮೋಟಾರಿಗೂ ಹೆಚ್ಚು ಆಯಸ್ಸು.