ಯಾವ ಉಪ್ಪು, ಎಷ್ಟು ಉಪ್ಪು?

“ಬಿ.ಪಿ. ಇದೆ ಡಾಕ್ಟ್ರೇ, ಆದರೆ ಮನೆಯಲ್ಲಿ ಈಗ ಪಿಂಕ್ ಸಾಲ್ಟ್ ಬಳಸುತ್ತೇವೆ, ಇನ್ನು ತೊಂದರೆಯಿಲ್ಲ ಅಲ್ಲವೇ?” ಎಂದು ಕೇಳುವವರು ಹೆಚ್ಚಾಗಿದ್ದಾರೆ. ತೊಂದರೆ ಇದೆ. ಬಣ್ಣ ಯಾವುದೇ ಇರಲಿ, ಅಡುಗೆಯ ಉಪ್ಪಿನ ಬಹುಪಾಲು ಸೋಡಿಯಂ ಕ್ಲೋರೈಡ್. ರಕ್ತದೊತ್ತಡ ಏರಿಸುವುದು ಅದರಲ್ಲಿರುವ ಸೋಡಿಯಂ.

ಅಯೋಡಿನ್ ಸೇರಿಸಿದ ಪುಡಿಯುಪ್ಪು: ದಿನನಿತ್ಯದ ಅಡುಗೆಗೆ ಇದೇ ಸೂಕ್ತ. ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತದೆ. ಗರ್ಭಿಣಿಯರಿಗೆ ಕೊರತೆಯಾದರೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಅದಕ್ಕಾಗಿಯೇ ನಮ್ಮ ದೇಶದಲ್ಲಿ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಬಿಸಿ ಮತ್ತು ತೇವಕ್ಕೆ ಅಯೋಡಿನ್ ನಷ್ಟವಾಗುತ್ತದೆ. ಆದ್ದರಿಂದ ಉಪ್ಪಿನ ಡಬ್ಬಿಯ ಮುಚ್ಚಳ ಭದ್ರವಾಗಿರಲಿ, ಡಬ್ಬಿ ಒಲೆಯಿಂದ ದೂರವಿರಲಿ. ಸಾಧ್ಯವಾದ ಕಡೆ ಅಡುಗೆಯ ಕೊನೆಗೆ ಉಪ್ಪು ಹಾಕಿ.

ಹರಳುಪ್ಪು: ಸಮುದ್ರದ ನೀರನ್ನು ಬಿಸಿಲಿಗೆ ಒಣಗಿಸಿ ತೆಗೆಯುವ ಉಪ್ಪು. ನಮ್ಮಲ್ಲಿ ಗೋಕರ್ಣದ ಬಳಿಯ ಸಾಣಿಕಟ್ಟಾ ಇದಕ್ಕೆ ಹೆಸರಾಗಿದೆ. ಉಪ್ಪಿನಕಾಯಿಗೆ, ಮೀನು ತೊಳೆಯಲು ಚೆನ್ನು. ಅಡುಗೆಗೆ ಕೊಳ್ಳುವಾಗ ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಎಂದು ಬರೆದಿದೆಯೇ ನೋಡಿ.

ಸೈಂಧವ ಲವಣ: ಯುನಾನಿಯಲ್ಲಿ ‘ನಮಕ್ ಲಾಹೋರಿ’. ಪಿಂಕ್ ಸಾಲ್ಟ್ ಎಂದು ಮಾರುವುದೂ ಇದನ್ನೇ. ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿ ಇದಕ್ಕೆ ಪ್ರಸಿದ್ಧ. ಗುಲಾಬಿ ಬಣ್ಣ ಕಬ್ಬಿಣದ ಅಂಶದ್ದು. ಆದರೆ ನಾವು ತಿನ್ನುವ ಚಿಟಿಕೆಯಲ್ಲಿ ಸಿಗುವ ಖನಿಜ ಅತ್ಯಲ್ಪ. ಸಹಜವಾಗಿ ಇದರಲ್ಲಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಇರುವ ಮನೆಯಲ್ಲಿ ಇದೊಂದನ್ನೇ ನೆಚ್ಚಬೇಡಿ.

ಕಾಲಾ ನಮಕ್: ಗಂಧಕದ ವಾಸನೆಯ ಈ ಉಪ್ಪನ್ನು ಯುನಾನಿಯಲ್ಲಿ ‘ಹಾಜಿಮ್’, ಅಂದರೆ ಜೀರ್ಣಕಾರಿ ಎನ್ನುತ್ತೇವೆ. ರಾಯ್ತಾಕ್ಕೆ, ಹಣ್ಣಿನ ಮೇಲೆ ಒಂದು ಚಿಟಿಕೆ ಸಾಕು. ಔಷಧವೆಂದು ಚಮಚಗಟ್ಟಲೆ ತಿನ್ನಬಾರದು. ನಮಕ್ ಸುಲೇಮಾನಿಯಂಥ ಚೂರ್ಣಗಳಲ್ಲೂ ಉಪ್ಪಿದೆ ಎಂಬುದನ್ನು ಬಿ.ಪಿ. ಇರುವವರು ಮರೆಯಬಾರದು.

ಲೋ ಸೋಡಿಯಂ ಉಪ್ಪು: ಸೋಡಿಯಂನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ, ಬಿ.ಪಿ.ಯ ಕೆಲವು ಮಾತ್ರೆ ನುಂಗುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿ ಹೃದಯದ ಬಡಿತವೇ ತಪ್ಪಬಹುದು. ವೈದ್ಯರನ್ನು ಕೇಳದೆ ಇಂಥವರು ಇದನ್ನು ಬಳಸಲೇಬಾರದು.

ಇನ್ನು ಪ್ರಮಾಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಬ್ರೆಡ್, ಚಿಪ್ಸ್‌ನ ಉಪ್ಪೂ ಈ ಲೆಕ್ಕದಲ್ಲೇ ಬರಬೇಕು. ಒಂದು ವರ್ಷ ತುಂಬದ ಮಗುವಿನ ಆಹಾರಕ್ಕೆ ಉಪ್ಪು ಹಾಕಬೇಡಿ. ರಮಝಾನಿನಲ್ಲಿ ಸಹರಿಗೆ ಉಪ್ಪಿನಕಾಯಿ, ಹಪ್ಪಳ ಬೇಡ, ಹಗಲಿನ ಬಾಯಾರಿಕೆ ಹೆಚ್ಚುತ್ತದೆ.

ಒಂದು ಸುಲಭ ಪರೀಕ್ಷೆ ಮಾಡಿ. ಹೊಸ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ಐದು ಮಂದಿ ದೊಡ್ಡವರಿರುವ ಮನೆಯಲ್ಲಿ ಒಂದು ಕಿಲೋ ಉಪ್ಪು 40 ದಿನಕ್ಕಿಂತ ಮೊದಲೇ ಮುಗಿದರೆ, ಬದಲಾಗಬೇಕಾದದ್ದು ಉಪ್ಪಿನ ಬಣ್ಣವಲ್ಲ, ಅಳತೆ.